ಸಿಂಗಪುರದ ಜಲಸ್ವಾತಂತ್ರ್ಯ

ವರ್ಷಕ್ಕೆ ಸುಮಾರು 2,400 ಮಿಲಿಮೀಟರು ಮಳೆ ಸುರಿಯುವ ಸಿಂಗಪುರವು ನೀರಿಗಾಗಿ ದೀರ್ಘಕಾಲ ಪರಾಶ್ರಯದಲ್ಲಿದ್ದಿತೆಂಬುದು ಮೇಲುನೋಟಕ್ಕೆ ವಿಚಿತ್ರವಾಗಿ ತೋರೀತು. ಆದರೆ ಆ ಪುಟ್ಟ ದ್ವೀಪವನ್ನು ಬಾಧಿಸಿದ ಅಭಾವವು ಮಳೆಯದಲ್ಲ, ಮಳೆಯನ್ನು ಹಿಡಿದಿಡಬಲ್ಲ ನೆಲದ್ದು. 19ನೆಯ ಶತಮಾನದಲ್ಲಿ ನಿರ್ಮಿತವಾದ ಮ್ಯಾಕ್‌ರಿಚಿಯೇ ಮೊದಲಾದ ಜಲಾಶಯಗಳು ಬೆಳೆಯುವ ಪಟ್ಟಣಕ್ಕೆ ಸಾಲದೆ ಬಂದಾಗ, ಅಲ್ಲಿನ ಪೌರಾಡಳಿತವು 1927ರಲ್ಲಿ ನೆರೆಯ ಜೊಹೋರಿನ ಸುಲ್ತಾನನೊಡನೆ ಒಪ್ಪಂದ ಮಾಡಿಕೊಂಡು, ಜಲಸಂಧಿಯಾಚೆಯ ನೀರನ್ನು ಕೊಳವೆಗಳಲ್ಲಿ ತರಿಸಿಕೊಳ್ಳತೊಡಗಿತು.

ಈ ಆಶ್ರಯವು ಎಷ್ಟು ದುರ್ಬಲವಾದುದೆಂಬುದನ್ನು ಯುದ್ಧವು ತೋರಿಸಿಕೊಟ್ಟಿತು. 1942ರ ಜನವರಿಯ ಕೊನೆಯಲ್ಲಿ, ಹಿಮ್ಮೆಟ್ಟುತ್ತಿದ್ದ ಬ್ರಿಟಿಷ್ ಪಕ್ಷದ ಸೇನೆಯು ಜಪಾನೀಯರನ್ನು ತಡೆಯಲೆಂದು ಜೊಹೋರಿನ ಸೇತುಬಂಧವನ್ನು ಸಿಡಿಸಿದಾಗ ಅದರೊಡನೆ ಕೊಳವೆಯೂ ಕಡಿದುಹೋಯಿತು. ಫೆಬ್ರುವರಿ 15ರಂದು ನಗರವು ಶರಣಾಗುವ ವೇಳೆಗೆ ನೀರಿನ ಸರಬರಾಜು ಕುಸಿದುಬಿದ್ದಿತ್ತು. 1963ರ ಅನಾವೃಷ್ಟಿಯಲ್ಲಿ ನೀರನ್ನು ಪಡಿಯಂತೆ ಹಂಚಬೇಕಾಗಿ ಬಂದಿತು. 1965ರಲ್ಲಿ ಮಲೇಷ್ಯದಿಂದ ಬೇರ್ಪಟ್ಟು ಸ್ವತಂತ್ರವಾದಾಗ, ಜೊಹೋರ್ ನದಿಯಿಂದ ದಿನಕ್ಕೆ 25 ಕೋಟಿ ಗ್ಯಾಲನ್ ಪಡೆಯಲು ಅವಕಾಶವಿತ್ತ 1962ರ ಒಪ್ಪಂದವು ಊರ್ಜಿತವಾಗಿಯೇ ಉಳಿಯಿತಾದರೂ, ಅದು 2061ಕ್ಕೆ ಮುಗಿಯತಕ್ಕದ್ದಾಗಿದ್ದಿತು.

ಪ್ರಧಾನಿ ಲೀ ಕ್ವಾನ್ ಯೂ ಅವರ ಸರ್ಕಾರವು 1972ರಲ್ಲಿ ದೀರ್ಘಾವಧಿಯ ಜಲಯೋಜನೆಯೊಂದನ್ನು ಸಿದ್ಧಪಡಿಸಿತು. ಹಂದಿಸಾಕಣೆಯ ಕೊಟ್ಟಿಗೆಗಳಿಂದಲೂ ಬೀದಿ ವ್ಯಾಪಾರದ ಕಸದಿಂದಲೂ ಕೊಳೆತು ನಾರುತ್ತಿದ್ದ ಸಿಂಗಪುರ ನದಿಯನ್ನು ಶುದ್ಧಗೊಳಿಸುವ ಕಾರ್ಯವು 1977ರಲ್ಲಿ ಮೊದಲಾಗಿ 1987ರಲ್ಲಿ ಸಿದ್ಧಿಸಿತು. ಅದು ಸಾಧ್ಯವಾದುದರಿಂದಲೇ 2008ರಲ್ಲಿ ಅದೇ ನದಿಯ ಅಳಿವೆಗೆ ಮರೀನಾ ಅಡ್ಡಗಟ್ಟನ್ನು ನಿರ್ಮಿಸಿ, ಉಪ್ಪುನೀರನ್ನು ಹೊರಗಿರಿಸಿ, ನಗರಮಧ್ಯದಲ್ಲಿಯೇ ಸಿಹಿನೀರಿನ ಜಲಾಶಯವನ್ನು ಪಡೆಯುವಂತಾಯಿತು. ಇಂದು ದ್ವೀಪದ ಮೂರರಲ್ಲಿ ಎರಡು ಪಾಲು ನೆಲದ ಮಳೆನೀರು ಚರಂಡಿ ಕಾಲುವೆಗಳ ಮೂಲಕ 17 ಜಲಾಶಯಗಳನ್ನು ಸೇರುತ್ತದೆ.

ಬಳಸಿ ಬಿಟ್ಟ ನೀರನ್ನು ಪುನಃ ಶುದ್ಧೀಕರಿಸುವ ಪ್ರಯತ್ನದ ಚರಿತ್ರೆಯು ಇದಕ್ಕಿಂತಲೂ ಬೋಧಪ್ರದವಾದುದು. 1974ರಲ್ಲಿ ತೆರೆದ ಪ್ರಾಯೋಗಿಕ ಸ್ಥಾವರವು ಅತಿವ್ಯಯದಿಂದಲೂ ಶೋಧಕ ಪೊರೆಗಳ ಅಸ್ಥಿರತೆಯಿಂದಲೂ ಮರುವರ್ಷವೇ ಮುಚ್ಚಿತು. ಆದರೆ ಪೊರೆಗಳ ತಂತ್ರವು ಪಕ್ವವಾಗುವವರೆಗೂ ಆ ವಿಚಾರವನ್ನು ಕೈಬಿಡದಿದ್ದವರು, 2000ದಲ್ಲಿ ಬೆಡೋಕಿನಲ್ಲಿ ಮತ್ತೆ ಪರೀಕ್ಷೆ ನಡೆಸಿ, ಸೂಕ್ಷ್ಮ ಪೊರೆಗಳ ಮೂಲಕ ಒತ್ತಡದಿಂದ ಹಾಯಿಸಿ ಅತಿನೇರಳೆ ಕಿರಣಗಳಿಂದ ಸಂಸ್ಕರಿಸಿದ 'ನ್ಯೂವಾಟರ್' ಅನ್ನು 2003ರಲ್ಲಿ ಬಳಕೆಗೆ ತಂದರು. ಅದರ ಹೆಚ್ಚಿನ ಭಾಗವು ಕಾರ್ಖಾನೆಗಳಿಗೂ ಶೀತಲೀಕರಣ ಯಂತ್ರಗಳಿಗೂ ಸಲ್ಲುತ್ತದೆ. ಅಲ್ಪಭಾಗವು ಜಲಾಶಯಗಳಲ್ಲಿ ಬೆರೆತು ಕುಡಿಯುವ ನೀರಾಗುತ್ತದೆ. 2005ರಲ್ಲಿ ಟುವಾಸಿನಲ್ಲಿ ಸಮುದ್ರಜಲವನ್ನು ಸಿಹಿಯಾಗಿಸುವ ಸ್ಥಾವರವೂ ಆರಂಭವಾಯಿತು.

ಇವೆರಡು ಮಾರ್ಗಗಳೂ ಅಪಾರ ವಿದ್ಯುಚ್ಛಕ್ತಿಯನ್ನು ಬೇಡುವುವಾದ್ದರಿಂದ, ಇಂಧನವನ್ನು ಹೊರಗಿನಿಂದಲೇ ತರಿಸುವ ಆ ನಾಡಿನ ಸ್ವಾವಲಂಬನೆಯು ಇನ್ನೂ ಪರಿಪೂರ್ಣವೆನ್ನಲಾಗದು. ಜೊಹೋರಿನ ನೀರೂ ನಿಂತಿಲ್ಲ. ಆದಾಗ್ಯೂ ಜೊಹೋರಿನ ನೀರಿಗಾಗಿಯೇ 1961ರಲ್ಲಿ ಆಗಿದ್ದ ಇನ್ನೊಂದು ಒಪ್ಪಂದವು 2011ರಲ್ಲಿ ಮುಗಿದಾಗ ಅದನ್ನು ನವೀಕರಿಸದೆಯೇ ಮುಂದುವರಿಯುವ ಸಾಮರ್ಥ್ಯವು ಆ ನಾಡಿಗೆ ಬಂದಿದ್ದಿತು. ಒಪ್ಪಂದದ ಅಂತ್ಯವನ್ನು ಅದು ಹತ್ತಿರವಾಗುವವರೆಗೆ ಕಾಯುತ್ತ ಕೂರದೆ, ಹಲವು ದಶಕಗಳ ಮುಂಚೆಯೇ ಅದನ್ನು ದುಡಿಮೆಯ ಗಡುವನ್ನಾಗಿ ಸ್ವೀಕರಿಸಿದುದೇ ಈ ಸಿದ್ಧಿಯ ಮೂಲವೆಂದು ನಾನು ನಂಬುತ್ತೇನೆ.