ರೇಸ್ ಬೈಕಿಗೆ ಕನ್ನಡಿ ಕಟ್ಟಿದವರು

ಬೇಗಂಪೇಟೆಯಲ್ಲಿ ಗಾಡಿ ಓಡಿಸುವವರಿಗೆ ಯು-ಟರ್ನ್ ಅಂದರೆ ಏನೆಂದು ವಿವರಿಸಬೇಕಿಲ್ಲ. ಹೈದರಾಬಾದಿನಲ್ಲಿ ಎಷ್ಟೋ ಜಂಕ್ಷನ್‌ಗಳನ್ನು ಮುಚ್ಚಿದ್ದಾರೆ. ಬಲಕ್ಕೆ ಹೋಗಬೇಕಾದವನು ಮೊದಲು ಎಡಕ್ಕೆ ಹೋಗಬೇಕು, ಮುಂದೆಲ್ಲೋ ತಿರುಗಿಸಿಕೊಂಡು ವಾಪಸ್ ಬರಬೇಕು. ದಿನಕ್ಕೆ ನಾಲ್ಕು ಸಲ ಹೀಗೆ ತಿರುಗುವ ನನಗೆ ಒಂದು ಬೈಕಿನ ವಿವರ ಓದುವಾಗ ಒಂದು ಅಂಕಿಯ ಮೇಲೆ ಕಣ್ಣು ನಿಂತುಬಿಟ್ಟಿತು. ಅಶ್ವಶಕ್ತಿಯಲ್ಲ, ವೇಗವಲ್ಲ, ಹ್ಯಾಂಡಲ್ ಎಷ್ಟು ಡಿಗ್ರಿ ತಿರುಗುತ್ತದೆ ಎಂಬುದು.

ಆ ಬೈಕ್ ಹೋಂಡಾ ಆರ್‌ಸಿ213ವಿ-ಎಸ್. ಮೋಟೋಜಿಪಿ ನೋಡುವವರಿಗೆ ಆರ್‌ಸಿ213ವಿ ಗೊತ್ತು. ಮಾರ್ಕ್ ಮಾರ್ಕೆಜ್ 2013 ಮತ್ತು 2014ರಲ್ಲಿ ವಿಶ್ವ ಚಾಂಪಿಯನ್ ಆಗಿದ್ದು ಅದರ ಮೇಲೆಯೇ. 2015ರ ಜೂನ್‌ನಲ್ಲಿ ಹೋಂಡಾ ಅದೇ ಯಂತ್ರಕ್ಕೆ ನಂಬರ್ ಪ್ಲೇಟ್ ಹಾಕಿ ಮಾರಲು ಹೊರಟಿತು. ಯುರೋಪಿನಲ್ಲಿ ಬೆಲೆ 1,88,000 ಯೂರೋ, ಆಗಿನ ಲೆಕ್ಕದಲ್ಲಿ ನಮ್ಮ ಒಂದು ಕೋಟಿ ಮೂವತ್ತು ಲಕ್ಷದ ಆಸುಪಾಸು. ಕುಮಾಮೊಟೊ ಕಾರ್ಖಾನೆಯಲ್ಲಿ ನುರಿತ ಕೆಲಸಗಾರರು ಕೈಯಲ್ಲೇ ಜೋಡಿಸುತ್ತಿದ್ದರು, ದಿನಕ್ಕೆ ಒಂದೇ ಒಂದು. ಒಟ್ಟು ತಯಾರಾಗಿದ್ದು ಇನ್ನೂರು ಚಿಲ್ಲರೆ.

ಇದು ಮೊದಲನೆಯದಲ್ಲ. ಡುಕಾಟಿ ತನ್ನ ಮೋಟೋಜಿಪಿ ಬೈಕಿನಿಂದ ಡೆಸ್ಮೊಸೆಡಿಚಿ ಆರ್‌ಆರ್ ಎಂಬ ರಸ್ತೆ ಬೈಕ್ ತಂದು 2007-08ರಲ್ಲಿ 1500 ಮಾರಿತ್ತು. ಅದಕ್ಕೂ ಹಿಂದೆ, 1980ರ ದಶಕದ ನಡುವಿನಲ್ಲಿ, ಯಮಹಾ ಮತ್ತು ಸುಜುಕಿ ತಮ್ಮ ಐನೂರು ಸಿಸಿ ಟೂ-ಸ್ಟ್ರೋಕ್ ಗ್ರ್ಯಾಂಡ್ ಪ್ರಿ ಬೈಕುಗಳ ಛಾಯೆಯಲ್ಲಿ ರಸ್ತೆ ಬೈಕ್ ತಂದಿದ್ದವು. ಒಂದು ಮಾತು ಇಲ್ಲಿ ಮುಖ್ಯ. ಸೂಪರ್‌ಬೈಕ್ ಪಂದ್ಯಗಳಲ್ಲಿ ಅಂಗಡಿಯಲ್ಲಿ ಸಿಗುವ ಬೈಕನ್ನೇ ತಿದ್ದಿ ಓಡಿಸುತ್ತಾರೆ. ಮೋಟೋಜಿಪಿ ಹಾಗಲ್ಲ, ಅಲ್ಲಿ ಓಡುವುದೆಲ್ಲ ಪಂದ್ಯಕ್ಕೆಂದೇ ಹುಟ್ಟಿದ ಯಂತ್ರ. ಅದನ್ನು ರಸ್ತೆಗೆ ತರಬೇಕೆಂಬ ಯಾವ ನಿಯಮವೂ ಇಲ್ಲ. ಹಾಗಾಗಿ ಅದನ್ನು ಮನೆಯ ಗೇಟಿನವರೆಗೆ ತರುವುದು ಏನೆಂದು ತಿಳಿಯಬೇಕಾದರೆ ಈ ಹೋಂಡಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಹ್ಯಾಂಡಲ್ ವಿಷಯಕ್ಕೆ ಬರೋಣ. ರೇಸ್ ಬೈಕಿನ ಹ್ಯಾಂಡಲ್ ಒಂದು ಬದಿಗೆ ತಿರುಗುವುದು ಬರೀ 15 ಡಿಗ್ರಿ. ಟ್ರ್ಯಾಕಿನಲ್ಲಿ ಬೈಕು ವಾಲಿ ತಿರುಗುತ್ತದೆಯೇ ಹೊರತು ಹ್ಯಾಂಡಲ್ ತಿರುಗಿಸಿ ಅಲ್ಲ, ಅಷ್ಟು ಸಾಕು. ಎಸ್ ಮಾದರಿಯಲ್ಲಿ ಹೋಂಡಾ ಅದನ್ನು 26 ಡಿಗ್ರಿ ಮಾಡಿತು. ಎರಡು ಚಕ್ರಗಳ ನಡುವಿನ ಅಂತರ 1465 ಮಿಲಿಮೀಟರ್. ನಿಧಾನಕ್ಕೆ, ವಾಲಿಸದೆ ತಿರುಗಿಸಿದರೆ ಎಷ್ಟು ಜಾಗ ಬೇಕು ಎಂದು ಪೇಪರ್ ಮೇಲೆ ಒರಟು ಲೆಕ್ಕ ಹಾಕಿದೆ. 15 ಡಿಗ್ರಿಯಲ್ಲಿ ವೃತ್ತದ ಅಗಲ ಸುಮಾರು 11 ಮೀಟರ್, 26 ಡಿಗ್ರಿಯಲ್ಲಿ ಸುಮಾರು 6. ನಮ್ಮಲ್ಲಿ ಒಂದು ಲೇನ್ ಅಂದರೆ ಮೂರೂವರೆ ಮೀಟರ್. ಅಂದರೆ ಅಸಲಿ ರೇಸ್ ಬೈಕ್ ಪ್ರಕಾಶನಗರ ಮೆಟ್ರೋ ಕೆಳಗೆ ಯು-ಟರ್ನ್ ತೆಗೆದುಕೊಳ್ಳಲು ಹೋದರೆ ಮೂರು ಲೇನ್ ದಾಟಿ ಫುಟ್‌ಪಾತ್ ಹತ್ತುತ್ತದೆ. ಎಸ್ ಎರಡೇ ಲೇನಿನಲ್ಲಿ ತಿರುಗಿಕೊಂಡು ಹೋಗುತ್ತದೆ. ಹಿಂದಿನ ಆಟೋದವನು ಬೈಯುವುದು ಎರಡಕ್ಕೂ ಒಂದೇ, ಅದು ಬೇರೆ.

ಇನ್ನು ಒಳಗಿನ ಬದಲಾವಣೆಗಳು. ಹೋಂಡಾದ ಮೋಟೋಜಿಪಿ ಇಂಜಿನಿನ ವಾಲ್ವ್‌ಗಳನ್ನು ಮುಚ್ಚುವುದು ಉಕ್ಕಿನ ಸ್ಪ್ರಿಂಗ್ ಅಲ್ಲ, ಒತ್ತಡದಲ್ಲಿರುವ ಅನಿಲ. ಆ ವೇಗಕ್ಕೆ ಸ್ಪ್ರಿಂಗ್ ಹಿಂದೆ ಬೀಳುತ್ತದೆ. ಆದರೆ ಅನಿಲದ ಒತ್ತಡವನ್ನು ಯಾರಾದರೂ ನೋಡಿಕೊಳ್ಳುತ್ತಲೇ ಇರಬೇಕು. ದಸರಾ ರಜೆಗೆ ಊರಿಗೆ ಹೋಗಿ ಹತ್ತು ದಿನ ಬಿಟ್ಟು ಬರುವವನ ಪಾರ್ಕಿಂಗಿಗೆ ಹೊಂದುವ ಏರ್ಪಾಡಲ್ಲ. ಎಸ್‌ಗೆ ಮಾಮೂಲಿ ಸುರುಳಿ ಸ್ಪ್ರಿಂಗ್ ಬಂತು. ಎಳೆತ ಒಂದು ಕ್ಷಣವೂ ತಪ್ಪದಂತೆ ಗೇರ್ ಬದಲಾಗುವ ಸೀಮ್‌ಲೆಸ್ ಗೇರ್‌ಬಾಕ್ಸ್ ಹೋಗಿ ಸಾಮಾನ್ಯ ಗೇರ್‌ಬಾಕ್ಸ್ ಬಂತು. ಕಾರ್ಬನ್ ಬ್ರೇಕ್ ಡಿಸ್ಕ್ ಹೋಗಿ ಉಕ್ಕಿನದು ಬಂತು. ಕಾರ್ಬನ್ ಡಿಸ್ಕ್ ಚೆನ್ನಾಗಿ ಕಾದರೆ ಮಾತ್ರ ಹಿಡಿಯುತ್ತದೆ. ಬೆಳಿಗ್ಗೆ ಎಂಟಕ್ಕೆ, ತಣ್ಣಗಿನ ಗಾಡಿಯಲ್ಲಿ, ಅಪಾರ್ಟ್‌ಮೆಂಟ್ ಗೇಟಿನಿಂದ ಹೊರಬರುತ್ತಿದ್ದಂತೆ ಹಾಲಿನವನ ಸೈಕಲ್ ಅಡ್ಡ ಬಂದರೆ ಅದು ಕೈ ಕೊಡುತ್ತದೆ.

ಇವು ಬದಲಿಸಿದ್ದು. ಹೊಸದಾಗಿ ಸೇರಿಸಿದ್ದನ್ನು ನೋಡಿ: ಎರಡು ಕನ್ನಡಿ, ಹೆಡ್‌ಲೈಟ್, ಹಿಂದಿನ ದೀಪ, ಇಂಡಿಕೇಟರ್, ಹಾರ್ನ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಸೈಲೆನ್ಸರ್, ನಂಬರ್ ಪ್ಲೇಟಿಗೆ ಪುಟ್ಟ ಬಲ್ಬು, ಸೈಡ್ ಸ್ಟ್ಯಾಂಡ್, ಸ್ಟಾರ್ಟರ್ ಮೋಟಾರ್. ಕೊನೆಯ ಎರಡನ್ನು ಬಿಟ್ಟರೆ ಉಳಿದವುಗಳಲ್ಲಿ ಬಹುಪಾಲು ಸವಾರನ ಸುಖಕ್ಕಲ್ಲ. ಹಿಂದೆ ಬರುವವನಿಗೆ, ಎದುರು ಬರುವವಳಿಗೆ, ರಸ್ತೆ ದಾಟುವ ಅಜ್ಜನಿಗೆ, ಮೂರನೇ ಮಹಡಿಯಲ್ಲಿ ಮಗು ಮಲಗಿಸುತ್ತಿರುವ ತಾಯಿಗೆ. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ಕಡೆ ಹೋಗುತ್ತಾರೆ, ಎಲ್ಲರಿಗೂ ದಾರಿ ಬಾಯಿಪಾಠ. ಅಲ್ಲಿ ಇಂಡಿಕೇಟರ್ ಹಾಕಿ ಯಾರಿಗೆ ಹೇಳುವುದು? ರಸ್ತೆಗೆ ಅರ್ಹ ಎಂಬ ಮಾತಿಗೆ ಇಂಜಿನಿಯರಿಂಗ್ ಅರ್ಥ ಬೇಕಿದ್ದರೆ ನಾನು ಈ ಪಟ್ಟಿಯನ್ನೇ ತೋರಿಸುತ್ತೇನೆ.

ಶಬ್ದದ ಲೆಕ್ಕವೂ ಸ್ವಾರಸ್ಯದ್ದು. ಮೋಟೋಜಿಪಿಯಲ್ಲಿ ಮಿತಿ 130 ಡೆಸಿಬೆಲ್. ನಮ್ಮ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 175 ಸಿಸಿ ಮೀರಿದ ಹೊಸ ಬೈಕಿಗೆ 80. ಹಾಗೆಂದು ನೇರವಾಗಿ ಹೋಲಿಸಬಾರದು. ಅಲ್ಲಿ ಮೈಕನ್ನು ಸೈಲೆನ್ಸರಿನಿಂದ ಅರ್ಧ ಮೀಟರ್ ದೂರ ಇಡುತ್ತಾರೆ, ಇಲ್ಲಿ ಏಳೂವರೆ ಮೀಟರ್ ಆಚೆ ಇಟ್ಟು ಬೈಕ್ ಹಾದುಹೋಗುವಾಗ ಅಳೆಯುತ್ತಾರೆ. ದೂರಕ್ಕೆಂದು ಸುಮಾರು 24 ಡೆಸಿಬೆಲ್ ಕಳೆದರೂ ಇನ್ನೂ 26 ಉಳಿಯುತ್ತದೆ. ಡೆಸಿಬೆಲ್ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ: 26 ಎಂದರೆ ಶಬ್ದಶಕ್ತಿ ನಾನೂರು ಪಟ್ಟು.

ಇದರಲ್ಲಿ ನನ್ನ ಕಸುಬಿಗೆ ಹತ್ತಿರದ ಸಂಗತಿ ಇನ್ನೊಂದಿದೆ. ಎಂ.ಟೆಕ್ ಮುಗಿಸಿ ಹೈದರಾಬಾದಿಗೆ ಬಂದಾಗಿನಿಂದ ನಾನು ಮಾಡುತ್ತಿರುವುದು ಇಸಿಯು, ಅಂದರೆ ಇಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರಿನ, ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ. ಎಸ್‌ನ ಶಕ್ತಿ ಯುರೋಪಿನಲ್ಲಿ 159 ಪಿಎಸ್. ಅಮೆರಿಕದಲ್ಲಿ ಅದೇ ಬೈಕ್ 101 ಅಶ್ವಶಕ್ತಿಗೆ ಇಳಿದಿತ್ತು. ಹೋಂಡಾ ಬೇರೆಯಾಗಿ ಮಾರಿದ ಸ್ಪೋರ್ಟ್ಸ್ ಕಿಟ್ ಹಾಕಿದರೆ 215ಕ್ಕಿಂತ ಮೇಲೆ. ಕಬ್ಬಿಣ ಅದೇ, ಪಿಸ್ಟನ್ ಅದೇ. ಕಿಟ್‌ನಲ್ಲಿರುವುದು ಬೇರೆ ಇಸಿಯು, ಬೇರೆ ಸೈಲೆನ್ಸರ್, ಗಾಳಿ ನುಗ್ಗಿಸುವ ಕೊಳವೆ, ಇನ್ನಷ್ಟು ಸಾಮಾನು. ಅದು ಮುಚ್ಚಿದ ಟ್ರ್ಯಾಕಿಗೆ ಮಾತ್ರ ಎಂದು ಹೋಂಡಾವೇ ಬರೆದಿದೆ. ಅಂದರೆ ಒಂದೂ ಕಾಲು ಕೋಟಿ ಕೊಟ್ಟವನಿಗೂ ಕಂಪನಿ ಹೇಳಿದ್ದಿಷ್ಟು: ಆ ಡಬ್ಬಿ ಬಿಚ್ಚಿದರೆ ರಸ್ತೆಯ ಹಕ್ಕು ಹೋಯಿತು.

ಇದನ್ನೆಲ್ಲ ಕೂತು ಬರೆಯುವ ಕಾರಣ ನಮ್ಮ ಮನೆಯಲ್ಲೇ ಇದೆ. ಚಿಕ್ಕಪ್ಪನ ಮಗ ಒಂದೂವರೆ ವರ್ಷದಿಂದ ನನ್ನ ಜೊತೆ ಇದ್ದಾನೆ, ಹೈಟೆಕ್ ಸಿಟಿಯಲ್ಲಿ ಕೆಲಸ. ದಾವಣಗೆರೆಯಿಂದ ಬರುವಾಗ ಟಿವಿಎಸ್ ಅಪಾಚೆ ಆರ್‌ಆರ್ 310 ತಂದ. ನಮ್ಮ ಗಡಿಯಾಚೆಯ ಹೊಸೂರಿನಲ್ಲಿ ಹುಟ್ಟಿದ ಬೈಕು. ಆ ಊರು ತಮಿಳುನಾಡಿನದಾದರೂ ಅಲ್ಲಿನ ಸಂತೆಯಲ್ಲಿ ಕನ್ನಡಕ್ಕೆ ಬರವಿಲ್ಲ. ಬಿಎಂಡಬ್ಲ್ಯು ಜೊತೆ ಸೇರಿ ರೂಪಿಸಿದ 312 ಸಿಸಿ ಇಂಜಿನ್ ಹಾಕಿ 2017ರ ಡಿಸೆಂಬರಿನಲ್ಲಿ 2.05 ಲಕ್ಷಕ್ಕೆ ಬಿಟ್ಟಾಗ ಶಕ್ತಿ 34 ಪಿಎಸ್ ಇತ್ತು. 2024ರಲ್ಲಿ 38 ಆಯಿತು, ಮೋಟೋಜಿಪಿಯಲ್ಲಿ ಕಾಣುವಂಥ ರೆಕ್ಕೆಗಳೂ ಬಂದವು. ಟಿವಿಎಸ್ ರೇಸಿಂಗ್ 1982ರಿಂದ ಇರುವ ತಂಡ. ಬಿಗ್‌ಬಾಸ್‌ನಿಂದ ಮನೆಮಾತಾದ ಉಡುಪಿಯ ಕೆ.ಪಿ. ಅರವಿಂದ್ 2019ರ ಡಕಾರ್ ರ‍್ಯಾಲಿ ಮುಗಿಸಿದ್ದು ಅವರ ಜೊತೆಯಲ್ಲೇ. ಇದು ಹೋಂಡಾದಂತೆ ಮೇಲಿನಿಂದ ಇಳಿದು ಬಂದ ಬೈಕಲ್ಲ, ಸಂಬಳದಲ್ಲಿ ಕಂತು ಕಟ್ಟಬಹುದಾದ ಬೈಕು. ಆದರೆ ನಮ್ಮ ಹುಡುಗರಿಗೆ ರೇಸ್ ಎಂಬ ಕನಸು ಸಿಗುವುದು ಇಂಥದ್ದರಲ್ಲೇ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಊಟದ ಹೊತ್ತಿಗೆ ವಿಷಯ ತೆಗೆದ.

'ಅಣ್ಣ, ಇಸಿಯು ರೀಮ್ಯಾಪ್ ಮಾಡಿಸ್ತೀನಿ. ಕ್ಯಾಟ್ ತೆಗೆಸಿ ಫುಲ್ ಸಿಸ್ಟಮ್ ಹಾಕಿಸ್ತೀನಿ. ಗಾಡಿ ಸೌಂಡೇ ಇಲ್ಲ ಅಂತಾರೆ ಎಲ್ಲ.'

'ಎಲ್ಲ ಅಂದ್ರೆ ಯಾರೋ?'

'ಗ್ರೂಪಲ್ಲಿರೋರು. ಕನ್ನಡಿನೂ ಬಿಚ್ಚಿದ್ರೆ ಲುಕ್ ಬರ್ತದೆ.'

ನನಗೆ ಕಾನೂನು ಹೇಳುವ ಆಸೆ ಇರಲಿಲ್ಲ, ಆದರೂ ಹೇಳಿದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿಯಿಂದ ಒಂದೊಂದು ಬದಲಾವಣೆಗೆ ಐದು ಸಾವಿರ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ಸಾಲಾಗಿಟ್ಟು ರೋಡ್ ರೋಲರ್ ಹತ್ತಿಸುವ ಚಿತ್ರವನ್ನು ನಾವೆಲ್ಲ ಪೇಪರಿನಲ್ಲಿ ನೋಡಿದ್ದೇವೆ. ಅದೂ ಅಲ್ಲದೆ ಅವನ ಗಾಡಿಯದು ಕೆಎ-17 ನಂಬರ್. ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಂಡರೆ ಅಲ್ಲಿ ಮರುನೋಂದಣಿ ಮಾಡಿಸಬೇಕು: ದಾವಣಗೆರೆ ಆರ್‌ಟಿಒದಿಂದ ಎನ್‌ಒಸಿ, ತೆಲಂಗಾಣದಲ್ಲಿ ಹೊಸದಾಗಿ ತೆರಿಗೆ, ಕರ್ನಾಟಕದಲ್ಲಿ ಕಟ್ಟಿದ್ದರ ವಾಪಸಾತಿಗೆ ಓಡಾಟ. ಈ ಅಂಕಣ ಓದುವ ಬಹುತೇಕರಿಗೆ ಇದು ಗೊತ್ತಿರುವ ಕಷ್ಟವೇ. 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್ ಖಾಸಗಿ ನೌಕರರಿಗೆ ಸಿಗಬೇಕಾದರೆ ಕಂಪನಿಗೆ ನಾಲ್ಕು ಅಥವಾ ಹೆಚ್ಚು ರಾಜ್ಯಗಳಲ್ಲಿ ಕಚೇರಿ ಇರಬೇಕು. ಅವನ ಕಂಪನಿ ಒಂದೇ ಕಟ್ಟಡದ ಅರ್ಧ ಮಹಡಿ. ಮರುನೋಂದಣಿಗೆ ಹೋದಾಗ ಇನ್ಸ್‌ಪೆಕ್ಟರ್ ಗಾಡಿಯನ್ನು ನೋಡಿಯೇ ನೋಡುತ್ತಾರೆ.

ದಂಡದ ಮಾತಿಗೆ ಅವನು ಜಗ್ಗಲಿಲ್ಲ. ಜಗ್ಗಿದ್ದು ಇಸಿಯು ವಿಷಯಕ್ಕೆ. ಮರುದಿನ ಕೂರಿಸಿಕೊಂಡು ವಿವರಿಸಿದೆ. ಆ ಡಬ್ಬಿಯೊಳಗಿನ ನಕ್ಷೆಯಲ್ಲಿ ಶಕ್ತಿಯ ಅಂಕಿ ಒಂದು ಭಾಗ ಅಷ್ಟೇ. ಉಳಿದದ್ದೆಲ್ಲ ಎಚ್ಚರಿಕೆಗಳು: ಪೆಟ್ರೋಲ್ ಕಳಪೆಯಾದರೆ, ಮೇ ತಿಂಗಳ ಬಿಸಿಲಿನಲ್ಲಿ ಸಿಗ್ನಲ್ಲಿಗೆ ಹತ್ತು ನಿಮಿಷ ನಿಂತರೆ, ಒಂದು ಸೆನ್ಸರ್ ಸುಳ್ಳು ಹೇಳಿದರೆ ಇಂಜಿನ್ ಏನು ಮಾಡಬೇಕು ಎಂಬುದು. ನಮ್ಮ ತಂಡ ತಿಂಗಳುಗಟ್ಟಲೆ ಪರೀಕ್ಷಿಸುವುದು ಅದನ್ನೇ. ರೇಸ್ ಬೈಕಿಗೆ ಗ್ಯಾರೇಜಿನಲ್ಲಿ ಲ್ಯಾಪ್‌ಟಾಪ್ ಹಿಡಿದ ಇಂಜಿನಿಯರ್ ಇರುತ್ತಾನೆ, ಅರ್ಧ ಗಂಟೆಗೊಮ್ಮೆ ಅಂಕಿ ನೋಡುತ್ತಾನೆ. ನಿನ್ನ ಗಾಡಿಗೆ ಯಾರಿದ್ದಾರೆ? ಶೆಡ್ಡಿನವನು ತನ್ನ ನಕ್ಷೆ ಹಾಕಿದಾಗ ಶಕ್ತಿಯ ಸಾಲನ್ನು ಎತ್ತರಿಸುತ್ತಾನೆ. ಎಚ್ಚರಿಕೆಯ ಸಾಲುಗಳಲ್ಲಿ ಯಾವುದನ್ನು ಅಳಿಸಿದ ಎಂದು ನಿನಗೆ ಹೇಳುವವರಿಲ್ಲ. ರಸೂಲ್‌ಪುರದಿಂದ ಬೇಗಂಪೇಟೆ ಫ್ಲೈಓವರ್‌ವರೆಗೆ ಮಳೆಯಲ್ಲಿ ಬರುವಾಗ ಆಕ್ಸಿಲರೇಟರ್ ಬಿಟ್ಟರೂ ಗಾಡಿ ನುಗ್ಗಿದರೆ?

ಅವನು ಒಂದೇ ಒಂದು ಪ್ರಶ್ನೆ ಕೇಳಿದ. 'ಹಂಗಾದ್ರೆ ಇದರ ನಿಜವಾದ ಸ್ಪೀಡ್ ನೋಡೋದು ಎಲ್ಲಿ?'

ನ್ಯಾಯವಾದ ಪ್ರಶ್ನೆ. ಈ ಊರಿನಲ್ಲಿ ಒಮ್ಮೆ ರಸ್ತೆಯೇ ಟ್ರ್ಯಾಕ್ ಆಗಿತ್ತು. 2023ರ ಫೆಬ್ರುವರಿ 11ರಂದು, ನಮ್ಮ ಮನೆಯಿಂದ ದೂರವಿಲ್ಲದ ಹುಸೇನ್ ಸಾಗರದ ದಡದಲ್ಲಿ ಫಾರ್ಮುಲಾ ಇ ಕಾರುಗಳು ಓಡಿದವು. ಸುತ್ತ ಕಾಂಕ್ರೀಟ್ ಗೋಡೆ, ಬಲೆ, ಆಂಬುಲೆನ್ಸ್. ಊರಿನ ಸಂಚಾರ ದಿನಗಟ್ಟಲೆ ಅಸ್ತವ್ಯಸ್ತವಾಗಿ ಆಫೀಸಿನಲ್ಲಿ ಎಲ್ಲರೂ ಗೊಣಗಿದ್ದರು. 2024ರ ಪಂದ್ಯ ರದ್ದಾಯಿತು. ಅದೂ ಕಾರುಗಳಿಗೆ, ಅವನಂಥವರಿಗಲ್ಲ.

ಮದ್ರಾಸಿನ ಇರುಂಗಾಟ್ಟುಕೋಟ್ಟೈ ಟ್ರ್ಯಾಕಿನಲ್ಲಿ ತರಬೇತಿ ಶಾಲೆಗಳು ನಡೆಯುತ್ತವೆ, ಕೊಯಮತ್ತೂರಿನ ಕರಿ ಸ್ಪೀಡ್‌ವೇನಲ್ಲೂ. ಸೈಲೆನ್ಸರಿಗೆ ಎತ್ತಿಟ್ಟಿದ್ದ ದುಡ್ಡಿನಲ್ಲಿ ಎರಡು ದಿನದ ಶುಲ್ಕ ಹುಟ್ಟಿತು. ಚರ್ಮದ ಸೂಟನ್ನು ಗ್ರೂಪಿನ ಗೆಳೆಯನೊಬ್ಬನಿಂದ ಕೇಳಿ ತಂದ. ಗಾಡಿಯನ್ನು ಇಲ್ಲೇ ಬಿಟ್ಟು, ಸಂಜೆ ರೈಲು ಹತ್ತಿ ಮದ್ರಾಸಿಗೆ ಹೋದ. ಅಲ್ಲಿ ಅವರದೇ ಬೈಕು, ಕನ್ನಡಿ ಇಲ್ಲ, ದೀಪ ಇಲ್ಲ, ನಂಬರ್ ಪ್ಲೇಟ್ ಇಲ್ಲ.

ಎರಡನೇ ದಿನ ಸಂಜೆ ಫೋನ್ ಮಾಡಿದ. ಮೊಣಕಾಲು ನೆಲಕ್ಕೆ ತಾಗಿತಂತೆ, ಒಂದೇ ಸಲ. ಬಿದ್ದದ್ದು ಎರಡು ಸಲ, ಮರಳಿನ ಮೇಲೆ, ಏನೂ ಆಗಿಲ್ಲ. ಚಿಕ್ಕಮ್ಮನಿಗೆ ಹೇಳಬೇಡ ಎಂದ. ಆಮೇಲೆ, ಪಾರ್ಕಿಂಗಿನಲ್ಲಿರುವ ತನ್ನ ಗಾಡಿಯ ಮೇಲೆ ಕವರ್ ಹಾಕಿದ್ದೀಯಾ, ಮಳೆ ಬರ್ತಿದೆಯಂತೆ ಅಲ್ಲಿ ಎಂದು ಕೇಳಿದ.