ಕಲಿಸುವ ಮುನ್ನ ಕೇಳಿ ತಿಳಿಯೋಣ

ಕುಟುಂಬದ ಹಿರಿಯರೊಬ್ಬರಿಗೆ ಸಕ್ಕರೆ ಕಾಯಿಲೆಯಿದೆಯೆಂದು ವೈದ್ಯರು ತಿಳಿಸಿದ ದಿನವೇ ಮನೆಯಲ್ಲಿ ಉಪದೇಶಗಳ ಸುರಿಮಳೆ ಆರಂಭವಾಗುತ್ತದೆ. ಅನ್ನ ಕಡಿಮೆ ಮಾಡಿ, ದಿನವೂ ನಡೆಯಿರಿ, ಸಿಹಿ ಮುಟ್ಟಬೇಡಿ ಎಂದು ಮಕ್ಕಳು, ಸೊಸೆಯಂದಿರು, ನೆರೆಯವರು ಹೇಳುತ್ತಲೇ ಇರುತ್ತಾರೆ. ಎಲ್ಲವೂ ಹಿತದ ಮಾತುಗಳೇ. ಆದರೆ ಅವನ್ನು ಕಲಿತು ಆಚರಣೆಗೆ ತರಲು ಆ ವ್ಯಕ್ತಿ ಸಿದ್ಧರಿದ್ದಾರೆಯೇ ಎಂದು ವಿಚಾರಿಸುವವರು ವಿರಳ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ಇದು ಕೆಲವು ದಿನ ಮಾತ್ರೆ ನುಂಗಿ ಮರೆಯುವ ಜ್ವರವಲ್ಲ. ವೈದ್ಯರ ಮುಂದೆ ಕುಳಿತುಕೊಳ್ಳುವುದು ಕೆಲವೇ ನಿಮಿಷ; ಉಳಿದೆಲ್ಲ ಹೊತ್ತು ಆಹಾರ, ಔಷಧ, ಪಾದಗಳ ಆರೈಕೆ ರೋಗಿಯ ಕೈಯಲ್ಲೇ ಇರುತ್ತದೆ. ಆದುದರಿಂದಲೇ ರೋಗಿಯ ಶಿಕ್ಷಣವು ಚಿಕಿತ್ಸೆಯ ಒಂದು ಅಂಗ. ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್, ಇನ್ಸುಲಿನ್ ಬಳಕೆಗೆ ಬರುವ ಮೊದಲೇ, 1918ರಲ್ಲಿ, ರೋಗಿಗಳಿಗಾಗಿ ಕೈಪಿಡಿಯೊಂದನ್ನು ಬರೆದಿದ್ದರು.

ಕಲಿಕೆಯ ಸಿದ್ಧತೆಯನ್ನು ನಾಲ್ಕು ಬಗೆಯಲ್ಲಿ ಅರಿಯಬೇಕೆಂದು ಶುಶ್ರೂಷಾ ಶಾಸ್ತ್ರ ಹೇಳುತ್ತದೆ. ಮೊದಲನೆಯದು ದೇಹದ ಸಿದ್ಧತೆ. ರಕ್ತದಲ್ಲಿ ಸಕ್ಕರೆ ಏರಿದಾಗ ದೃಷ್ಟಿ ಮಂಜಾಗುವುದುಂಟು. ಅಂಥವರಿಗೆ ಸಣ್ಣಕ್ಷರದ ಕರಪತ್ರ ಕೊಟ್ಟು ಫಲವಿಲ್ಲ. ನೋವು, ಆಯಾಸಗಳಿಂದ ಬಳಲುವವರಿಗೂ ಪಾಠ ತಲೆಗೆ ಹತ್ತದು.

ಎರಡನೆಯದು ಮನಸ್ಸಿನ ಸಿದ್ಧತೆ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಪ್ರೊಚಾಸ್ಕಾ ಮತ್ತು ಡಿಕ್ಲೆಮೆಂಟೆ ಧೂಮಪಾನ ಬಿಡುವವರನ್ನು ಅಧ್ಯಯನ ಮಾಡಿ, ಮನುಷ್ಯ ಬದಲಾಗುವುದು ಹಂತ ಹಂತವಾಗಿ ಎಂದು 1983ರಲ್ಲಿ ತೋರಿಸಿದರು. "ನನಗೇನೂ ಆಗಿಲ್ಲ" ಎನ್ನುವವರಿಗೆ ಪಥ್ಯದ ಪಟ್ಟಿ ಓದಿ ಹೇಳುವುದಕ್ಕಿಂತ ಅವರ ಭಯವನ್ನು ಆಲಿಸುವುದು ಲೇಸು.

ಮೂರನೆಯದು ಹಿಂದಿನ ಅನುಭವ. ಇನ್ಸುಲಿನ್ ಪಡೆಯುತ್ತಿದ್ದ ಬಂಧುವೊಬ್ಬರು ಕಾಲು ಕಳೆದುಕೊಂಡುದನ್ನು ಕಂಡವರು, ಅದಕ್ಕೆ ಆ ಚುಚ್ಚುಮದ್ದೇ ಕಾರಣವೆಂದು ನಂಬಿರಬಹುದು. ತಪಸ್ಸುಕಾಲದ ಉಪವಾಸವನ್ನು ಎಂದೂ ತಪ್ಪಿಸದ ಅಜ್ಜಿ, ಸಕ್ಕರೆ ಇಳಿಸುವ ಮಾತ್ರೆ ನುಂಗಿಯೂ ಹಸಿದಿರಬಹುದು. ಅಸ್ವಸ್ಥರಿಗೆ ಉಪವಾಸದ ಕಡ್ಡಾಯವಿಲ್ಲವೆಂದು ಹೇಳುವ ಮುನ್ನ, ಅವರ ಮನಸ್ಸಿನಲ್ಲಿರುವುದನ್ನು ತಿಳಿಯಬೇಕು.

ನಾಲ್ಕನೆಯದು ಈಗಿರುವ ತಿಳಿವಳಿಕೆ. ಓದಲು ಬರುತ್ತದೆಯೇ? ಕೊಂಕಣಿ, ತುಳು, ತಮಿಳು, ಕನ್ನಡ ಇವುಗಳಲ್ಲಿ ಯಾವ ಭಾಷೆ ಅವರಿಗೆ ಸುಲಭ? "ಅರ್ಥವಾಯಿತೇ?" ಎಂದರೆ ಎಲ್ಲರೂ ತಲೆಯಾಡಿಸುತ್ತಾರೆ. "ಹೇಗೆ ಮಾಡುತ್ತೀರಿ, ತೋರಿಸಿ" ಎಂದಾಗಲೇ ನಿಜ ಹೊರಬೀಳುವುದು. ನಮ್ಮಲ್ಲಿ 40 ಮತ್ತು 100 ಯೂನಿಟ್ಟುಗಳ ಎರಡು ಬಗೆಯ ಇನ್ಸುಲಿನ್ ಇದ್ದು, ಒಂದರ ಸಿರಿಂಜನ್ನು ಇನ್ನೊಂದಕ್ಕೆ ಬಳಸಿದರೆ ಪ್ರಮಾಣದಲ್ಲಿ ಎರಡೂವರೆ ಪಟ್ಟು ವ್ಯತ್ಯಾಸವಾಗುತ್ತದೆ. ಇಂಥ ತಪ್ಪು ಕೈಯಿಂದ ಮಾಡಿ ತೋರಿಸಿದಾಗ ಮಾತ್ರ ಕಣ್ಣಿಗೆ ಬೀಳುತ್ತದೆ.

ಸಿದ್ಧರಿಲ್ಲದವರಿಗಾಗಿ ಕಾಯಬಹುದು, ಆದರೆ ಪ್ರಾಣಕ್ಕೆ ಸಂಬಂಧಿಸಿದ ಪಾಠವನ್ನು ಮುಂದೂಡುವಂತಿಲ್ಲ. ಮಧುಮೇಹದ ಔಷಧ ಪಡೆಯುವವರು ಬೆವರಿ, ನಡುಗಿ, ಮಂಕಾದರೆ ರಕ್ತದ ಸಕ್ಕರೆ ಕುಸಿದಿರಬಹುದು. ಎಚ್ಚರವಿದ್ದರೆ ಕೂಡಲೇ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷಗಳ ಬಳಿಕ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ರೋಗಿ ಕಲಿಯಲು ಸಿದ್ಧರಿರಲಿ, ಇಲ್ಲದಿರಲಿ, ಇದನ್ನು ಮನೆಮಂದಿಯೆಲ್ಲ ಇಂದೇ ಕಲಿಯತಕ್ಕದ್ದು.

ಉಳಿದ ಪಾಠಗಳಿಗೆ ಒಂದು ಪ್ರಶ್ನೆಯಿಂದ ನಾಂದಿ ಹಾಡೋಣ: "ಅಪ್ಪಾ, ಈ ಕಾಯಿಲೆಯಲ್ಲಿ ನಿಮಗೆ ಎಲ್ಲಕ್ಕಿಂತ ಕಷ್ಟವೆನಿಸುವುದು ಯಾವುದು?" ಉತ್ತರ ಬರುವವರೆಗೆ ಸುಮ್ಮನಿರುವ ತಾಳ್ಮೆ ನಮಗಿರಲಿ. ಅವರು ಹೇಳುವ ಆ ಒಂದು ಕಷ್ಟದಿಂದಲೇ ಪಾಠ ಮೊದಲಾಗಲಿ.