ಹೊಡೆದರೆ ಮಾತ್ರ ಹಿಂಸೆಯೇ?

'ಸ್ವಲ್ಪ ಅಡ್ಜಸ್ಟ್ ಮಾಡ್ಕೊ, ಅವನೇನು ಹೊಡೀತಾನಾ?' ತವರಿಗೆ ಬಂದು ಅತ್ತ ಪಕ್ಕದ ಮನೆಯ ಅಕ್ಕನಿಗೆ ಹಿರಿಯರು ಹೇಳಿದ್ದು ಇಷ್ಟೇ. ಎಂಜಿನಿಯರಿಂಗ್ ಓದುವ ನನಗೂ ಉತ್ತರ ಗೊತ್ತಿರಲಿಲ್ಲ. ಹುಡುಕಿ ಓದಿದೆ.

1955ರ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ರಲ್ಲಿ ಕ್ರೌರ್ಯವೂ ವಿಚ್ಛೇದನಕ್ಕೆ ಒಂದು ಕಾರಣ. ಅದು ಹೊಡೆತವೇ ಆಗಬೇಕಿಲ್ಲ. ಮಾನಸಿಕ ಹಿಂಸೆಯೂ ಕ್ರೌರ್ಯವೇ ಎಂದು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಹೇಳಿದೆ. ಪರಸಂಬಂಧ, ಸಕಾರಣವಿಲ್ಲದೆ ಸತತ 2 ವರ್ಷ ತೊರೆದಿರುವುದು, ಮತಾಂತರ ಕೂಡ ಕಾರಣಗಳೇ. ಇವು ಗಂಡ, ಹೆಂಡತಿ ಇಬ್ಬರಿಗೂ ಅನ್ವಯ. ಹೆಂಡತಿಗೆ ಮಾತ್ರ ಇರುವ ಕಾರಣಗಳೂ ಇವೆ. ಜೀವನಾಂಶದ ಆದೇಶವಾದ ಮೇಲೆ 1 ವರ್ಷ ಇಬ್ಬರೂ ಒಟ್ಟಿಗೆ ಬಾಳದೇ ಇರುವುದು ಅವುಗಳಲ್ಲೊಂದು.

'ಕೇಸಿಗೆ ಅವರ ಊರಿಗೇ ಅಲೀಬೇಕಲ್ಲೋ' ಎಂದಳು ಅಕ್ಕ. ಬೇಕಿಲ್ಲ. 2003ರ ತಿದ್ದುಪಡಿಯ ನಂತರ ಹೆಂಡತಿ ತಾನು ವಾಸವಿರುವ ಕಡೆಯ ನ್ಯಾಯಾಲಯದಲ್ಲೇ ಅರ್ಜಿ ಹಾಕಬಹುದು. ವಕೀಲರ ಫೀಸಿಗೆ ಹಣವಿಲ್ಲದಿದ್ದರೆ? ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಸಿಗುತ್ತದೆ.

ವಿಚ್ಛೇದನ ಪಡೆ ಎಂದು ನಾನು ಹೇಳಲಿಲ್ಲ. ಆ ನಿರ್ಧಾರ ಅಕ್ಕನದು. ಮೊನ್ನೆ ಅವಳೇ ಕೇಳಿದಳು, 'ಆ ಪ್ರಾಧಿಕಾರದ ಆಫೀಸ್ ಎಲ್ಲಿದೆ?' ಹೊಂದಿಕೊಂಡು ಹೋಗು ಎನ್ನುವ ಮೊದಲು ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಇಷ್ಟನ್ನಾದರೂ ತಿಳಿಸೋಣ.